ಎಲೆ ಉದುರಿದರೆ ಯಾರಿಗೆ ಸಮಾಧಾನ?

ಪ್ರೀತಿಯ ಓದುಗರೇ,

ಕಳೆದ ಸಂಚಿಕೆಯ ಕತೆಯ ಬಗ್ಗೆ ನೀವು ಬರೆದ ಪತ್ರ ಕೈಸೇರಿತು. ಅಜ್ಜಿ ಕಣ್ಣು ಮುಚ್ಚಿದ ಹೊತ್ತಿಗೆ ಹೊರಗೆ ಹಣ್ಣೆಲೆ ಉದುರುವ ಆ ಕೊನೆ ನಿಮಗೆ ಹಿಡಿಸಲಿಲ್ಲ. ಸಾವು ಬಂತು ಅಂದರೆ ಸಾಕು, ಎಲೆ ಉದುರಿಸುತ್ತಾರೆ ಇಲ್ಲವೇ ನದಿಯನ್ನು ಕಡಲಿಗೆ ಸೇರಿಸುತ್ತಾರೆ, ಈ ರೂಪಕಗಳೆಲ್ಲ ಸವೆದುಹೋಗಿವೆ ಎಂದಿದ್ದೀರಿ. ಜೊತೆಗೆ ಇನ್ನೊಂದು ಪ್ರಶ್ನೆ: ಸಾವಿಲ್ಲದವರ ಕತೆಗಳು ಯಾವಾಗಲೂ ದುಃಖದಲ್ಲೇ ಯಾಕೆ ಮುಗಿಯುತ್ತವೆ? ಕೈಗೆಟುಕದ ದ್ರಾಕ್ಷಿ ಹುಳಿ ಅಂದ ಹಾಗಲ್ವಾ ಇದು?

ಎರಡನೆಯದನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಬದುಕೇ ಕೆಟ್ಟದ್ದು ಅಂತ ಈ ಕತೆಗಳು ಹೇಳಿದ್ದರೆ ನಿಮ್ಮ ಮಾತು ಒಪ್ಪಬಹುದಿತ್ತು. ಅವು ಹಾಗೆ ಹೇಳುವುದಿಲ್ಲ. ಜೊನಾಥನ್ ಸ್ವಿಫ್ಟ್ 1726ರಲ್ಲಿ ಪ್ರಕಟಿಸಿದ ಗಲಿವರನ ಪ್ರವಾಸಗಳಲ್ಲಿ ಸಾಯದೇ ಇರುವ ಒಂದು ಜನ ಬರುತ್ತಾರೆ. ಅವರ ಸುದ್ದಿ ಕೇಳಿದ ಗಲಿವರ್ ಹಿಗ್ಗಿ ಹೋಗುತ್ತಾನೆ. ನಾನೇ ಆಗಿದ್ದರೆ ಎಷ್ಟೆಲ್ಲಾ ಕಲಿಯಬಹುದಿತ್ತು ಅಂತ ಲೆಕ್ಕ ಹಾಕುತ್ತಾನೆ. ಆಮೇಲೆ ಅವರನ್ನು ಕಣ್ಣಾರೆ ನೋಡುತ್ತಾನೆ. ಅವರಿಗೆ ಸಾವಿಲ್ಲ, ಆದರೆ ಮುಪ್ಪು ಇದೆ. 80 ತುಂಬಿದರೆ ಕಾನೂನಿನ ಲೆಕ್ಕದಲ್ಲಿ ಸತ್ತ ಹಾಗೆ, ಆಸ್ತಿ ವಾರಸುದಾರರ ಪಾಲು. ಓದೋಣವೆಂದರೆ ವಾಕ್ಯದ ಕೊನೆಗೆ ಬರುವಷ್ಟರಲ್ಲಿ ಮೊದಲು ಏನಿತ್ತೆಂಬುದು ಮರೆತಿರುತ್ತದೆ. ನನ್ನನ್ನು ತುಂಬಾ ಕಾಡುವ ವಿವರ ಬೇರೆಯೇ. ಇನ್ನೂರು ವರ್ಷ ದಾಟುವ ಹೊತ್ತಿಗೆ ಊರಿನ ಭಾಷೆ ಬದಲಾಗಿಬಿಟ್ಟಿರುತ್ತದೆ. ಅಕ್ಕಪಕ್ಕದವರ ಜೊತೆ ನಾಲ್ಕು ಮಾತಾಡುವುದಕ್ಕೂ ಆಗದೆ ಅವರು ಸ್ವಂತ ನಾಡಿನಲ್ಲೇ ಹೊರಗಿನವರಾಗುತ್ತಾರೆ. ಜೊತೆಗಾರರೆಲ್ಲ ಹೋದ ಮೇಲೆ ಒಬ್ಬರೇ ಉಳಿಯುವುದು ಎಂದರೆ ಏನು ಅನ್ನುವುದು ಇಲ್ಲಿ ಎಷ್ಟು ಗಟ್ಟಿಯಾಗಿ ಬಂದಿದೆ ನೋಡಿ.

ಯಯಾತಿ ಕೇಳಿದ್ದು ಅಮರತ್ವವನ್ನಲ್ಲ, ಯೌವನವನ್ನು. ಆದರೂ ಅವನನ್ನು ಬಿಟ್ಟು ಈ ಮಾತು ಮುಂದೆ ಹೋಗುವುದಿಲ್ಲ. ಶಾಪದಿಂದ ಬಂದ ಮುಪ್ಪನ್ನು ಅವನು ಮಗ ಪೂರುವಿಗೆ ದಾಟಿಸುತ್ತಾನೆ. ಗಿರೀಶ ಕಾರ್ನಾಡರು 1961ರ ತಮ್ಮ ನಾಟಕದಲ್ಲಿ ಪೂರುವಿಗೆ ಚಿತ್ರಲೇಖೆ ಎಂಬ ಹೆಂಡತಿಯನ್ನು ಕೊಟ್ಟರು. ಈಗಷ್ಟೇ ಮದುವೆಯಾಗಿ ಬಂದ ಹುಡುಗಿ. ಗಂಡ ಮುದುಕನಾಗಿ ಎದುರು ನಿಂತಾಗ ಅವಳು ಬೆಚ್ಚುತ್ತಾಳೆ, ಮಾವನನ್ನೇ ನೇರವಾಗಿ ಪ್ರಶ್ನೆ ಮಾಡುತ್ತಾಳೆ, ಕೊನೆಗೆ ಪ್ರಾಣ ಕಳೆದುಕೊಳ್ಳುತ್ತಾಳೆ. ಯಯಾತಿ ಮುಪ್ಪನ್ನು ವಾಪಸ್ ಪಡೆಯುವುದು ಅದಾದ ಮೇಲೆ. ಒಬ್ಬ ತನ್ನ ಸರದಿ ಬಿಟ್ಟುಕೊಡದಿದ್ದರೆ ಅದರ ಬೆಲೆ ತೆರುವವರು ಬೇರೆ ಯಾರೋ ಇರುತ್ತಾರೆ. ಹಳೆಯ ಕತೆಯೊಳಗೆ ಅಡಗಿದ್ದ ಆ ಬೇರೆಯವರನ್ನು ಕಾರ್ನಾಡರು ಹೆಸರಿಟ್ಟು ರಂಗಕ್ಕೆ ತಂದರು. ಇದರಲ್ಲಿ ಹುಳಿ ದ್ರಾಕ್ಷಿಯ ಮಾತೆಲ್ಲಿ ಬಂತು ಹೇಳಿ?

ಇನ್ನು ಎಲೆಯ ವಿಷಯ. ರೂಪಕ ಸವೆಯುವುದು ಎಲ್ಲರೂ ಬಳಸಿದ್ದರಿಂದ ಅಂತ ನನಗೆ ಅನ್ನಿಸುವುದಿಲ್ಲ. ಯಾರೂ ಹತ್ತಿರ ಹೋಗಿ ನೋಡದೆ ಬಳಸಿದ್ದರಿಂದ ಅದು ಸವೆಯುತ್ತದೆ. ಎಲೆ ಸುಮ್ನೆ ಬೀಳುವುದಿಲ್ಲ. ಬೀಳಿಸುವುದು ಮರವೇ. ಎಲೆಯಲ್ಲಿದ್ದ ಸಾರಜನಕವನ್ನು, ರಂಜಕವನ್ನು ಅದು ಮೊದಲು ಒಳಕ್ಕೆ ಎಳೆದುಕೊಳ್ಳುತ್ತದೆ. ಹಸಿರು ಹೋಗಿ ಹಳದಿ ಕಾಣಿಸುತ್ತದೆ. ತೊಟ್ಟಿನ ಬುಡದಲ್ಲಿ ತೆಳ್ಳನೆಯ ಪದರವೊಂದು ಸಡಿಲಗೊಂಡು ಎಲೆ ಕಳಚುತ್ತದೆ. ಎಲೆ ಉದುರುವ ಎಷ್ಟೋ ಮರಗಳಲ್ಲಿ ಮುಂದಿನ ಚಿಗುರಿನ ಮೊಗ್ಗು ಅದೇ ತೊಟ್ಟಿನ ಕಂಕುಳಲ್ಲಿ ಆಗಲೇ ಕೂತಿರುತ್ತದೆ. ಹಳೆಯ ಎಲೆ ಇನ್ನೂ ಹಸಿರಾಗಿದ್ದಾಗಲೇ ಅದು ಮೂಡಿರುತ್ತದೆ. ಇಷ್ಟನ್ನು ಕಂಡ ಕತೆಗಾರ ಆಮೇಲೆ ಎಲೆಯ ಬಗ್ಗೆ ಬರೆದರೆ ಬರವಣಿಗೆಯೇ ಬೇರೆ ಆಗುತ್ತದೆ. ಕೊಡುವುದು, ಕಸಿದುಕೊಳ್ಳುವುದು, ಜಾಗ ಮಾಡಿಕೊಡುವುದು ಎಲ್ಲವೂ ಅದರಲ್ಲಿದೆ.

ಆದರೆ ಈ ಚಕ್ರ ಸಮಾಧಾನ ಕೊಡುವುದು ಮರಕ್ಕೆ. ಎಲೆಗಲ್ಲ. ನಿಮಗಾದ ಕಿರಿಕಿರಿಯ ಮೂಲ ಇಲ್ಲೇ ಇದೆ ಎಂದು ನನಗನ್ನಿಸುತ್ತದೆ. ವಸಂತ ಮತ್ತೆ ಬರುತ್ತದೆ, ನಿಜ. ಹೋದ ಅಜ್ಜಿ ಬರುವುದಿಲ್ಲ. ಮೊದಲನೆಯದನ್ನು ಹೇಳಿ ಎರಡನೆಯದನ್ನು ಮುಚ್ಚಿಡುವ ಕತೆ ಓದುಗರಿಗೆ ಮೋಸ ಮಾಡುತ್ತದೆ. ಮಣ್ಣಿನ ಹಲಗೆಗಳ ಮೇಲೆ ಕೊರೆದಿಟ್ಟ ಮೆಸೊಪೊಟೇಮಿಯಾದ ಗಿಲ್ಗಮೆಶ್ ಕಾವ್ಯ ಆ ಮೋಸ ಮಾಡಲಿಲ್ಲ. ಗೆಳೆಯ ಎಂಕಿಡು ಸತ್ತಾಗ ಗಿಲ್ಗಮೆಶ್ ಹೆಣವನ್ನು ಬಿಟ್ಟುಕೊಡದೆ ಕೂರುತ್ತಾನೆ, ಮೂಗಿನಿಂದ ಹುಳು ಬೀಳುವವರೆಗೂ. ಆಮೇಲೆ ಸಾವಿಗೆ ಮದ್ದು ಹುಡುಕುತ್ತಾ ಹೊರಡುತ್ತಾನೆ. ಹರೆಯ ಮರಳಿಸುವ ಗಿಡ ನೀರಿನ ತಳದಲ್ಲಿ ಸಿಗುತ್ತದೆ. ಊರಿಗೆ ಮರಳುವ ದಾರಿಯಲ್ಲಿ ಅವನು ಕೊಳಕ್ಕಿಳಿದು ಸ್ನಾನ ಮಾಡುವಾಗ ಹಾವೊಂದು ಅದನ್ನು ಕಚ್ಚಿಕೊಂಡು ಹೋಗುತ್ತದೆ, ಹೋಗುತ್ತಲೇ ಪೊರೆ ಕಳಚುತ್ತದೆ. ಪೊರೆ ಬಿಟ್ಟು ಹೊಸದಾಗುವ ಹಾವು ಪ್ರಕೃತಿಯ ಚಕ್ರಕ್ಕೆ ಎಷ್ಟು ಒಳ್ಳೆಯ ರೂಪಕ! ಆದರೆ ಆ ಕವಿಗಳು ಅದನ್ನು ಸಾಂತ್ವನಕ್ಕೆ ಬಳಸಲಿಲ್ಲ. ಚಕ್ರ ಹಾವಿನ ಪಾಲಾಯಿತು. ಮನುಷ್ಯ ಕೂತು ಅತ್ತ.

ಹಾಗಾಗಿ ಇಂಥ ಕತೆಗಳನ್ನು ನಿಲ್ಲಿಸಿ ಎಂಬ ನಿಮ್ಮ ಸಲಹೆ ಒಪ್ಪಲಾರೆ. ಆ ಕತೆಯಲ್ಲೇ ಕೊನೆಗಿಂತ ಸ್ವಲ್ಪ ಮೊದಲು, ಮೊಮ್ಮಗಳು ಅಜ್ಜಿಯ ಕನ್ನಡಕ ಹಾಕಿಕೊಂಡು ನೋಡುವ ಭಾಗವಿದೆ. ಅವಳಿಗೆ ಎಲ್ಲ ಮಸುಕು. ಅಜ್ಜಿ ಕಂಡಿದ್ದನ್ನು ಅವಳು ಕಾಣಲಾರಳು. ಕತೆಯನ್ನು ಆರಿಸಿದ್ದು ಆ ಐದಾರು ಸಾಲಿಗಾಗಿ. ಎಲೆಯ ವಾಕ್ಯ ಅದರ ಮುಂದೆ ಸಪ್ಪೆ, ಅಷ್ಟು ಮಟ್ಟಿಗೆ ನಿಮ್ಮ ಓದು ಸರಿ. ಪತ್ರದ ಪ್ರತಿಯನ್ನು ಕತೆ ಬರೆದವರಿಗೂ ಕಳಿಸಿದ್ದೇನೆ. ಅವರ ಉತ್ತರ ಬಂದರೆ ಇದೇ ಪುಟದಲ್ಲಿ ಹಾಕುತ್ತೇವೆ.

— ಸಂಪಾದಕ