ನೆಲಗಪ್ಪೆಗೆ ಗಾಜಿನ ಮನೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಊರು ಬಿಟ್ಟು ಹೋದ ಸ್ನೇಹಿತರೊಬ್ಬರು ಮಗಳಿಗೆ ಎರಡು ಅಮೆರಿಕನ್ ಟೋಡ್ (ಅಲ್ಲಿನ ಒಂದು ಜಾತಿಯ ನೆಲಗಪ್ಪೆ) ಕೊಟ್ಟು ಹೋಗಿದ್ದಾರೆ. ಸದ್ಯ ಸಣ್ಣ ಪ್ಲಾಸ್ಟಿಕ್ ಡಬ್ಬಿಯಲ್ಲಿವೆ. ಬಣ್ಣದ ಕಲ್ಲು, ಅಡಿಯಿಂದ ಬಿಸಿ ಕೊಡುವ ಹೀಟ್ ಮ್ಯಾಟ್, ಪಂಪಿನ ಪುಟ್ಟ ಜಲಪಾತ ಎಲ್ಲವೂ ಬೇಕು ಅನ್ನುತ್ತಾರೆ ಅಂಗಡಿಯವರು. ನಿಜಕ್ಕೂ ಏನು ಬೇಕು?
(ಒಬ್ಬ ತಾಯಿ, ಮಿಷಿಗನ್)

ಉತ್ತರ: ಆ ಮೂರೂ ಬೇಡ. ನೆಲಗಪ್ಪೆ ಹಗಲೆಲ್ಲ ಮಣ್ಣಿನಲ್ಲಿ ಹುದುಗಿ ಕೂತು, ಕತ್ತಲಾದ ಮೇಲೆ ಹೊರಗೆ ಬರುವ ಪ್ರಾಣಿ. ಅದು ಬಾಯಿಂದ ನೀರು ಕುಡಿಯುವುದಿಲ್ಲ. ಹೊಟ್ಟೆಯ ಕೆಳಭಾಗದ ತೆಳು ಚರ್ಮದಿಂದ ಹೀರಿಕೊಳ್ಳುತ್ತದೆ. ಹಾಗಾಗಿ ಪೆಟ್ಟಿಗೆಯ ಮಣ್ಣು, ನೀರಿನಲ್ಲಿ ಏನಿದೆಯೋ ಅದು ಕಪ್ಪೆಯ ಮೈಯೊಳಗೂ ಸೇರುತ್ತದೆ. ದುಡ್ಡು ಹಾಕುವುದಿದ್ದರೆ ಅಲಂಕಾರಕ್ಕಲ್ಲ, ನೆಲಕ್ಕೆ ಹಾಕಿ.

ಎರಡು ಬೆಳೆದ ಕಪ್ಪೆಗಳಿಗೆ 20 ಗ್ಯಾಲನ್‌ನ ಉದ್ದನೆಯ ಗಾಜಿನ ತೊಟ್ಟಿ ಸಾಕು. ಉದ್ದ ಸುಮಾರು 76 ಸೆಂ.ಮೀ., ಅಗಲ 30, ಎತ್ತರ 30. ಇವು ಮರ ಹತ್ತುವ ಕಪ್ಪೆಗಳಲ್ಲ, ಎತ್ತರದ ತೊಟ್ಟಿಯಿಂದ ಉಪಯೋಗವಿಲ್ಲ. ಮೇಲೆ ಬಿಗಿಯಾಗಿ ಕೂರುವ ಜಾಲರಿ ಮುಚ್ಚಳವಿರಲಿ.

ನೆಲಕ್ಕೆ ತೆಂಗಿನ ನಾರಿನ ಪುಡಿ, ಅಂದರೆ ಕೋಕೋಪೀಟ್, 8ರಿಂದ 10 ಸೆಂ.ಮೀ. ದಪ್ಪ. 650 ಗ್ರಾಂನ ಒಣ ಇಟ್ಟಿಗೆಗಳಾದರೆ ಎರಡರಿಂದ ಮೂರು ಬೇಕಾಗುತ್ತವೆ. ಕೆಲವು ಇಟ್ಟಿಗೆಗಳಲ್ಲಿ ಉಪ್ಪಿನಂಶ ಉಳಿದಿರುತ್ತದೆ. ಬಕೆಟ್ಟಿನಲ್ಲಿ ನೆನೆಸಿ, ಬಟ್ಟೆಯಲ್ಲಿ ಹಿಂಡಿ, ಹೊಸ ನೀರಿನಲ್ಲಿ ಇನ್ನೆರಡು ಸಲ ಗಲಬರಿಸಿ ಹಿಂಡಿ. ಗೊಬ್ಬರ ಬೆರೆಸಿದ ಕುಂಡದ ಮಣ್ಣು ಖಂಡಿತ ಬೇಡ. ಹದ ನೋಡುವುದು ಹೀಗೆ: ಒಂದು ಮುಷ್ಟಿ ಹಿಡಿದು ಅದುಮಿದರೆ ಉಂಡೆಯಾಗಬೇಕು, ಬೆರಳ ಸಂದಿಯಿಂದ ನೀರು ತೊಟ್ಟಿಕ್ಕಬಾರದು. ಇಡೀ ತೊಟ್ಟಿಯನ್ನು ಒಂದೇ ಸಮ ಒದ್ದೆ ಮಾಡಬೇಡಿ. ಒಂದು ತುದಿ ತೇವವಾಗಿ, ಇನ್ನೊಂದು ತುದಿ ಸ್ವಲ್ಪ ಒಣಗಿದಂತಿರಲಿ. ತನಗೆ ಎಲ್ಲಿ ಬೇಕೋ ಅಲ್ಲಿ ಕಪ್ಪೆಯೇ ಹೋಗಿ ಕೂರುತ್ತದೆ. ಎರಡೂ ತುದಿಗೆ ಒಂದೊಂದು ಅಡಗುತಾಣ ಕೊಡಿ. ಕಾರ್ಕ್ ತೊಗಟೆಯ ತುಂಡಾಗಲಿ, ಅಂಚು ಉಜ್ಜಿ ನಯ ಮಾಡಿದ ಒಡೆದ ಮಣ್ಣಿನ ಕುಂಡವಾಗಲಿ ಸಾಕು.

ಬಣ್ಣದ ಕಲ್ಲು ಏಕೆ ಬೇಡವೆಂದರೆ, ಹುಳಕ್ಕೆ ನಾಲಿಗೆ ಚಾಚಿದಾಗ ಕಲ್ಲೂ ಬಾಯೊಳಗೆ ಹೋಗಿ ಕರುಳು ಕಟ್ಟಿಕೊಳ್ಳುತ್ತದೆ. ಹೀಟ್ ಮ್ಯಾಟ್ ಇನ್ನೂ ಕೆಟ್ಟದ್ದು. ಸೆಕೆಯಾದರೆ ನೆಲಗಪ್ಪೆ ತಂಪು ಹುಡುಕಿ ಕೆಳಕ್ಕೆ ತೋಡುತ್ತದೆ; ಕೆಳಗೇ ಬಿಸಿಯಿದ್ದರೆ ಪಾಪ, ತಪ್ಪಿಸಿಕೊಳ್ಳಲು ದಾರಿಯೇ ಇಲ್ಲ. ಇವಕ್ಕೆ 18ರಿಂದ 24 ಡಿಗ್ರಿ ಸೆಲ್ಸಿಯಸ್ ಹಿತ. ನಿಮ್ಮ ಮನೆಯೊಳಗಿನ ಉಷ್ಣತೆಯೇ ಸಾಕು. ಚಳಿಗಾಲದಲ್ಲಿ ಮನೆಯ ಹೀಟರ್ ಗಾಳಿಯನ್ನು ಒಣಗಿಸುತ್ತದೆ. ಆಗ ಜಾಲರಿಯ ಅರ್ಧ ಭಾಗಕ್ಕೆ ಗಾಜಿನ ಹಲಗೆ ಮುಚ್ಚಿ, ಸಂಜೆ ಒಂದು ಬದಿಗೆ ನೀರು ಚಿಮುಕಿಸಿ. ಕಡಿಮೆ ಪ್ರಮಾಣದ ಯುವಿಬಿ (ಬಿಸಿಲಿನಲ್ಲಿರುವಂಥ ನೇರಳಾತೀತ ಕಿರಣದ) ದೀಪ ದಿನಕ್ಕೆ 10–12 ಗಂಟೆ ಉರಿದರೆ ಮೂಳೆಗೆ ಒಳ್ಳೆಯದು. ಅದರ ಕೆಳಗೆ ನೆರಳೂ ಇರಲೇಬೇಕು.

ಜಲಪಾತದ ಬದಲು ಅಗಲವಾದ ತಟ್ಟೆ ಇಡಿ. ಕಪ್ಪೆ ಕೂತರೆ ನೀರು ಅದರ ಭುಜದ ಮಟ್ಟ ದಾಟಬಾರದು. ನೆಲಗಪ್ಪೆ ಅಷ್ಟೇನೂ ಚೆನ್ನಾಗಿ ಈಜುವುದಿಲ್ಲ, ಕಡಿದಾದ ಅಂಚಿನ ಪಾತ್ರೆಯಲ್ಲಿ ಮುಳುಗಿ ಸಾಯಬಹುದು.

ಪ್ರಶ್ನೆ: ನಲ್ಲಿ ನೀರನ್ನು ಒಂದು ರಾತ್ರಿ ತೆರೆದಿಟ್ಟೇ ಹಾಕುತ್ತೇವೆ. ಆದರೂ ಕಪ್ಪೆ ತಟ್ಟೆಗೆ ಇಳಿದ ಕೂಡಲೇ ಹೊರಗೆ ಹಾರುತ್ತದೆ. ತೊಡೆಯ ಒಳಭಾಗ ಕೆಂಪಾಗಿದೆ.
(ಓದುಗರು, ಟೆಕ್ಸಾಸ್)

ಉತ್ತರ: ತೆರೆದಿಟ್ಟರೆ ಹಾರಿ ಹೋಗುವುದು ಕ್ಲೋರಿನ್. ಅಮೆರಿಕದ ಅನೇಕ ನಗರಗಳಲ್ಲಿ ನೀರಿಗೆ ಕ್ಲೋರಮಿನ್ (ಕ್ಲೋರಿನ್, ಅಮೋನಿಯ ಕೂಡಿದ ರಾಸಾಯನಿಕ) ಬಳಸುತ್ತಾರೆ, ಅದು ರಾತ್ರಿಯೆಲ್ಲ ಇಟ್ಟರೂ ಹೋಗದು. ಮೀನಿನ ಅಂಗಡಿಯಲ್ಲಿ ಸಿಗುವ, ಕ್ಲೋರಮಿನ್ ತೆಗೆಯುತ್ತದೆಂದು ಸ್ಪಷ್ಟವಾಗಿ ಬರೆದಿರುವ ಕಂಡಿಷನರ್ (ನೀರು ಹದ ಮಾಡುವ ದ್ರವ) ಅನ್ನು ಶೀಶೆಯ ಮೇಲೆ ಹೇಳಿದ ಅಳತೆಯಲ್ಲೇ ಹಾಕಿ. ಡಿಸ್ಟಿಲ್ಡ್ ನೀರು ಶುದ್ಧವೆಂದು ತಟ್ಟೆಗೆ ತುಂಬಬೇಡಿ; ಲವಣವೇ ಇಲ್ಲದ ನೀರು ಕಪ್ಪೆಯ ಮೈಯಲ್ಲಿನ ಲವಣದ ಸಮತೋಲ ಕೆಡಿಸುತ್ತದೆ.

ಕೆಂಪನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಕೊಳಕು ನೀರು, ಮಲಮೂತ್ರದ ಅಮೋನಿಯ ಕೂಡಿದ ಮಣ್ಣಿನಿಂದ ಚರ್ಮ ಹಾಳಾಗಿ ಬ್ಯಾಕ್ಟೀರಿಯ ರಕ್ತಕ್ಕೆ ಇಳಿದಿರಬಹುದು. ಕಪ್ಪೆಯನ್ನು ಇಂದೇ ಬೇರೆ ಡಬ್ಬಿಗೆ ಹಾಕಿ. ಸುವಾಸನೆ, ಬಣ್ಣ ಇಲ್ಲದ ಪೇಪರ್ ಟವಲ್ ಒದ್ದೆ ಮಾಡಿ ಹಾಸಿ, ದಿನಾ ಬದಲಿಸಿ, ಉಭಯವಾಸಿಗಳನ್ನು ನೋಡುವ ಪಶುವೈದ್ಯರ ಬಳಿ ಒಯ್ಯಿರಿ. ಅರಿಶಿನ, ಮನುಷ್ಯರ ಮುಲಾಮು ಯಾವುದನ್ನೂ ಹಚ್ಚಬೇಡಿ, ಅದೂ ನೇರ ಮೈಗೆ ಇಳಿಯುತ್ತದೆ. ಇನ್ನು ಮುಂದೆ ನೀರು ದಿನವೂ ಹೊಸದಾಗಲಿ (ಕಪ್ಪೆ ಅದರಲ್ಲೇ ಹೇಲುವುದು ಸಾಮಾನ್ಯ), ಹೊಲಸು ಕಂಡಲ್ಲಿ ಕೂಡಲೇ ಎತ್ತಿ, ಎರಡು ಮೂರು ತಿಂಗಳಿಗೊಮ್ಮೆ ಇಡೀ ನೆಲ ಬದಲಾಗಲಿ. ತೊಟ್ಟಿಗೆ ಸೋಪು ಬೇಡ, ಬಿಸಿನೀರಿನಲ್ಲಿ ಉಜ್ಜಿ.

ಪ್ರಶ್ನೆ: ನಮ್ಮ ಕಪ್ಪೆ ಬೆನ್ನು ಬಾಗಿಸಿ, ಪದೇ ಪದೇ ಬಾಯಿ ತೆರೆದು ಏನೋ ನುಂಗುತ್ತದೆ. ಗಂಟಲಲ್ಲಿ ಸಿಕ್ಕಿಕೊಂಡಿದೆಯೇ?

ಉತ್ತರ: ಇಲ್ಲ, ಪೊರೆ ಬಿಡುತ್ತಿದೆ. ಬಿಟ್ಟ ಚರ್ಮವನ್ನು ತಾನೇ ತಿನ್ನುತ್ತದೆ. ಮುಟ್ಟದೆ ಬಿಡಿ.

ಪ್ರಶ್ನೆ: ಆಹಾರಕ್ಕೆ ಅಂಗಳದ ದೀಪದ ಕೆಳಗಿನ ಹುಳ ಹಿಡಿದು ಕೊಡಬಹುದೇ?

ಉತ್ತರ: ಬೇಡ. ಕೀಟನಾಶಕ ತಗುಲಿದ ಹುಳವನ್ನು ಕಣ್ಣಿನಿಂದ ಗುರುತಿಸಲಾಗದು. ಮಿಂಚುಹುಳವಂತೂ ತಾನೇ ವಿಷ. ಸಾಕಿದ ಕ್ರಿಕೆಟ್ ಹುಳ (ಮಿಡತೆಯಂಥ ಕೀಟ) ತನ್ನಿ. ಕಪ್ಪೆಯ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ಹುಳ ದೊಡ್ಡದಿರಬಾರದು. ಅದಕ್ಕೆ ಹಿಂದಿನ ದಿನ ಕ್ಯಾರೆಟ್, ಸೊಪ್ಪು ತಿನ್ನಿಸಿ, ಕ್ಯಾಲ್ಸಿಯಂ ಪುಡಿಯಲ್ಲಿ ಹೊರಳಿಸಿ ಬಿಡಿ. ಬೆಳೆದ ಕಪ್ಪೆಗೆ ಎರಡು ಮೂರು ದಿನಕ್ಕೊಮ್ಮೆ ನಾಲ್ಕರಿಂದ ಆರು. ಮಿಕ್ಕಿದ್ದನ್ನು ಅವತ್ತೇ ತೆಗೆಯಿರಿ, ಹಸಿದ ಕ್ರಿಕೆಟ್ ಮಲಗಿದ ಕಪ್ಪೆಯನ್ನೇ ಕಚ್ಚುತ್ತದೆ.

ಪ್ರಶ್ನೆ: ಮಳೆಗಾಲದಲ್ಲಿ ನಮ್ಮ ಹಿತ್ತಲಿಗೆ ನೆಲಗಪ್ಪೆ ಬರುತ್ತದೆ. ಹಿಡಿದು ಹೀಗೆ ಸಾಕಬಹುದೇ?
(ಓದುಗರು, ಮೈಸೂರು)

ಉತ್ತರ: ಹಿಡಿಯಬೇಡಿ. ವನ್ಯಜೀವಿಗಳ ರಕ್ಷಣೆಗೆ 1972ರ ಕಾಯ್ದೆಯಿದೆ, ಅದಕ್ಕಿಂತ ಮುಖ್ಯವಾಗಿ ಅದು ಹಿತ್ತಲಿನಲ್ಲಿದ್ದರೆ ಹುಳಹುಪ್ಪಟೆ ತಿಂದು ನಿಮಗೇ ಉಪಕಾರ. ಅಲ್ಲೇ ಮನೆ ಮಾಡಿಕೊಡಿ. ಬಿರುಕು ಬಿಟ್ಟ ಮಣ್ಣಿನ ಕುಂಡವನ್ನು ನೆರಳಿನಲ್ಲಿ ಅಡ್ಡ ಮಲಗಿಸಿ, ಅರ್ಧ ಹೂತು, ಒಳಗೆ ಸಡಿಲ ಮಣ್ಣು, ತರಗೆಲೆ ಹಾಕಿ. ಪಕ್ಕದಲ್ಲಿ ಕುಂಡದ ತಟ್ಟೆಗೆ ಎರಡು ಬೆರಳು ನೀರು. ಸೊಳ್ಳೆ ಮೊಟ್ಟೆಯಿಡದಂತೆ ದಿನಾ ಚೆಲ್ಲಿ ಉಜ್ಜಿ ತುಂಬಿಸಿ. ಗಿಡಗಳಿಗೆ ಔಷಧಿ ಹೊಡೆಯುವುದನ್ನು ನಿಲ್ಲಿಸಿ. ತೆರೆದ ನೀರಿನ ಸಂಪಿನೊಳಗೆ ಬಿದ್ದರೆ ಕಪ್ಪೆ ಮೇಲೆ ಬರಲಾರದು, ಮುಚ್ಚಳ ಸರಿಯಾಗಿ ಹಾಕಿ.

ಮನೆಯಲ್ಲಿ ನಾಯಿಯಿದ್ದರೆ ಒಂದು ಎಚ್ಚರಿಕೆ. ಕಪ್ಪೆಯ ಕಣ್ಣಿನ ಹಿಂದಿನ ಉಬ್ಬಿದ ಗ್ರಂಥಿಗಳಲ್ಲಿ ವಿಷವಿರುತ್ತದೆ. ನಾಯಿ ಕಚ್ಚಿ ನೊರೆ ಸುರಿಸತೊಡಗಿದರೆ ತಲೆ ಕೆಳಗೆ ಬಾಗಿಸಿ, ನೀರು ಗಂಟಲಿಗೆ ಹೋಗದಂತೆ ಬಾಯನ್ನು ಪಕ್ಕದಿಂದ ತೊಳೆಯಿರಿ, ಒದ್ದೆ ಬಟ್ಟೆಯಿಂದ ವಸಡು ಒರೆಸಿ, ತಡಮಾಡದೆ ಪಶುವೈದ್ಯರಲ್ಲಿಗೆ ಕರೆದೊಯ್ಯಿರಿ.