3 ವರ್ಷದ ಮಗು ಕರ್ಕೊಂಡು ಮೊರಾಕ್ಕೋದ ಸಹಾರಾ ಮರುಭೂಮಿಗೆ ಹೋಗ್ಬಹುದಾ?

ಹೋಗ್ಬಹುದು, ಕಷ್ಟ ಇರೋದು ಮರಳಲ್ಲಲ್ಲ, ದಾರೀಲಿ. ಮರಾಕೇಶ್‌ನಿಂದ ಸಹಾರಾ ಅಂಚಲ್ಲಿರೋ ಮೆರ್ಜೂಗಾ ಊರಿಗೆ ಸುಮಾರು 560 ಕಿ.ಮೀ., ಮಧ್ಯೆ 2,260 ಮೀಟರ್ ಎತ್ತರದ ತಿಜಿ ನ್ ತಿಶ್ಕಾ ಘಾಟಿ, ಆ ತಿರುವಲ್ಲಿ ನಮ್ಮ ಮಗಳು ಎರಡು ಸಲ ವಾಂತಿ ಮಾಡ್ಕೊಂಡ್ಲು, ಅದಕ್ಕೇ ಒಂದೇ ದಿನಕ್ಕೆ ಎಳೀಬೇಡಿ, ವಾರ್ಜಜಾತ್ ಹತ್ರ ಒಂದು ರಾತ್ರಿ ಉಳ್ಕೊಳ್ಳಿ. ಜೂನ್‌ನಿಂದ ಆಗಸ್ಟ್ ಬೇಡವೇ ಬೇಡ, 40 ಡಿಗ್ರಿ ದಾಟುತ್ತೆ. ಮಾರ್ಚ್-ಏಪ್ರಿಲ್, ಇಲ್ಲಾ ಅಕ್ಟೋಬರ್-ನವೆಂಬರ್ ಓಕೆ, ಆದ್ರೂ ರಾತ್ರಿಗೆ ಸ್ವೆಟರ್, ಕುಲಾವಿ ಇರ್ಲಿ. ಒಂಟೆ ಏಳೋವಾಗ ಹಿಂಗಾಲು ಮೊದ್ಲು ಎತ್ತುತ್ತೆ, ನಾವೇ ಮುಂದಕ್ಕೆ ಮುಗ್ಗರಿಸ್ತೀವಿ, ಮಡಿಲಲ್ಲಿ ಮಗು ಕೂರಿಸ್ಕೊಂಡು ಹತ್ಬೇಡಿ, ಮರಳಲ್ಲಿ ಉಳ್ಕೊಳ್ಳೋ ಟೆಂಟ್ ಕ್ಯಾಂಪ್‌ವರೆಗೂ ಜೀಪ್ ಕೇಳಿ. ಓಆರ್‌ಎಸ್ ಪ್ಯಾಕೆಟ್ ಇಲ್ಲಿಂದಲೇ ತಗೊಂಡ್ಹೋಗಿ. ನಮ್ಮವಳಿಗಂತೂ ಒಂಟೆನೂ ಬೇಡ ಸೂರ್ಯಾಸ್ತನೂ ಬೇಡ, ಸ್ಟೀಲ್ ಲೋಟದಲ್ಲಿ ಮರಳು ತುಂಬ್ಸಿ ಸುರಿಯೋದೇ ಸಂಜೆವರೆಗೂ!