ತೆಂಡೆ ಜಾಸ್ತಿ, ಭತ್ತ ಕಮ್ಮಿ: ಹೀಗ್ಯಾಕೆ?

ಪ್ರಶ್ನೆ: ನಮ್ಮದು ಬ್ರಹ್ಮಾವರದ ಹತ್ತಿರ ಬೈಲು ಗದ್ದೆ. ಏಣೆಲಿಗೆ (ಮಳೆಗಾಲದ ಬೆಳೆಗೆ) ಹಾಕಿದ ಹಳೇ ಊರಿನ ತಳಿ ಎದೆಯೆತ್ತರ ಬೆಳೆದಿತ್ತು, ತೆಂಡೆಯೂ (ಬುಡದಿಂದ ಬರುವ ಕವಲು) ಚೆನ್ನಾಗಿ ಒಡೆದಿತ್ತು. ಆದರೆ ಪಕ್ಕದ ಗದ್ದೆಯ ಎಂಒ-4 ತಳಿ ಗಿಡ್ಡವಾಗಿದ್ದರೂ ಜಾಸ್ತಿ ಭತ್ತ ಕೊಟ್ಟಿತು. ಯಾಕೆ? ದೊಡ್ಡ ಬುಡ (ಒಂದು ಕಡೆ ನೆಟ್ಟ ಗಿಡದ ಗುಂಪು) ನೋಡಿ ಬೀಜಕ್ಕೆ ಇಟ್ಟುಕೊಂಡರೆ ಇಳುವರಿ ಏರುತ್ತದಾ?

ಉತ್ತರ: ಗಿಡ ಬೆಳೆಯುವುದು ಬೇರೆ, ಬೆಳೆದದ್ದು ಕಾಳಿಗೆ ಹೋಗುವುದು ಬೇರೆ. ಹಳೇ ಎತ್ತರದ ತಳಿಗಳಲ್ಲಿ ನೆಲದ ಮೇಲಿನ ಒಟ್ಟು ತೂಕದಲ್ಲಿ ಕಾಳಿನ ಪಾಲು ಸುಮಾರು ಶೇ. 30, ಗಿಡ್ಡ ತಳಿಗಳಲ್ಲಿ ಶೇ. 50ರ ಹತ್ತಿರ. ಉಳಿದದ್ದೆಲ್ಲ ಬೈಹುಲ್ಲು. ದನ ಸಾಕುವವರಿಗೆ ಅದೂ ಬೇಕು, ಅದನ್ನು ನಷ್ಟ ಅಂತ ನಾನು ಹೇಳುವುದಿಲ್ಲ. 1966ರಲ್ಲಿ ಫಿಲಿಪ್ಪೀನ್ಸ್‌ನ ಅಂತಾರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಬಿಡುಗಡೆ ಮಾಡಿದ ಐಆರ್-8 ತಳಿ ಗೆದ್ದದ್ದು ಈ ಕಾಳಿನ ಪಾಲಲ್ಲೇ: ಇಂಡೋನೇಷ್ಯಾದ ಎತ್ತರದ ಪೆಟಾ ತಳಿಗೆ ತೈವಾನಿನ ಗಿಡ್ಡ ತಳಿಯನ್ನು ಕೂಡಿಸಿದರು, ಗೊಬ್ಬರ ಕೊಟ್ಟರೂ ಗಿಡ ಮಲಗಲಿಲ್ಲ. ತೆನೆ ಬಾಗುವ ಹೊತ್ತಿಗೆ ಗಾಳಿಮಳೆ ಹೊಡೆಯುವ ನಮ್ಮ ಕರಾವಳಿಗೆ ಇದು ಇನ್ನೂ ಮುಖ್ಯ, ಮಲಗಿದ ಪೈರು ನೀರಲ್ಲೇ ಮೊಳಕೆ ಬರುತ್ತದಲ್ವಾ?

ಇನ್ನು ತೆಂಡೆ. ಎಲ್ಲ ತೆಂಡೆಯಲ್ಲೂ ತೆನೆ ಬರುವುದಿಲ್ಲ, ಬಂದ ತೆನೆಯೆಲ್ಲ ತುಂಬುವುದೂ ಇಲ್ಲ. ಸುಮ್ನೆ ಒಂದು ಲೆಕ್ಕ ಹಾಕಿ ನೋಡಿ. ಚದರ ಮೀಟರಿಗೆ 33 ಬುಡ, ಬುಡಕ್ಕೆ 9 ತೆನೆ, ತೆನೆಗೆ 100 ಕಾಳು, ಅದರಲ್ಲಿ ಶೇ. 80 ಗಟ್ಟಿ, ಸಾವಿರ ಕಾಳಿನ ತೂಕ 25 ಗ್ರಾಂ ಅಂತಿಟ್ಟುಕೊಂಡರೆ ಎಕರೆಗೆ ಸುಮಾರು 24 ಕ್ವಿಂಟಲ್. ಅದೇ ಬುಡಕ್ಕೆ 12 ತೆನೆ ಬಂದು, ತೆನೆಗೆ 80 ಕಾಳಾಗಿ, ಶೇ. 60 ಮಾತ್ರ ತುಂಬಿದರೆ 19ಕ್ಕೆ ಇಳಿಯುತ್ತದೆ. ಮೂರು ತೆನೆ ಜಾಸ್ತಿ, ಐದು ಕ್ವಿಂಟಲ್ ಕಮ್ಮಿ! ಮೋಡ ಕವಿದ ಮಳೆಗಾಲದಲ್ಲಿ ಬಿಸಿಲು ಸಾಲದೆ, ಒತ್ತಾಗಿ ಬೆಳೆದ ಗಿಡದಲ್ಲಿ ಕೆಳಗಿನ ಎಲೆಗಳು ನೆರಳಲ್ಲಿ ಉಳಿದು, ಜೊಳ್ಳು ಹೆಚ್ಚುವುದು ಹೀಗೆ. ನೆಟ್ಟಗೆ ನಿಲ್ಲುವ ಎಲೆಯ ಗಿಡವನ್ನು ತಳಿ ಮಾಡುವವರು ಇಷ್ಟಪಡುವುದೂ ಅದಕ್ಕೇ, ಬೆಳಕು ಬುಡದ ತನಕ ಇಳಿಯುತ್ತದೆ.

ಹಾಗಂತ ತೆಂಡೆ ಕಮ್ಮಿ ಮಾಡಿ ತೆನೆ ದೊಡ್ಡದು ಮಾಡಿದರೆ ಮುಗಿಯಲಿಲ್ಲ. ಅದೇ ಸಂಸ್ಥೆ 1989ರ ನಂತರ ಅಂಥ ತಳಿಗಳನ್ನೂ ಮಾಡಿ ನೋಡಿತು. ಮೊದಲ ಸಾಲಿನವುಗಳಲ್ಲಿ ಕಾಳು ಸರಿಯಾಗಿ ತುಂಬದೆ ಇಳುವರಿ ನಿರೀಕ್ಷೆ ಮುಟ್ಟಲಿಲ್ಲ. ಒಂದು ಗುಣವನ್ನು ಎಳೆದರೆ ಇನ್ನೊಂದು ಜಾರುತ್ತದೆ.

ಬೀಜದ ವಿಷಯ. ಬದುವಿನ ಪಕ್ಕದ ದೊಡ್ಡ ಬುಡ ದಯವಿಟ್ಟು ಆರಿಸಬೇಡಿ. ಅದಕ್ಕೆ ಬೆಳಕು, ಗೊಬ್ಬರ ಜಾಸ್ತಿ ಸಿಕ್ಕಿರುತ್ತದೆ, ಬುಡದ ಆ ಗಾತ್ರ ಬೀಜದ ಮೂಲಕ ಮುಂದಿನ ಬೆಳೆಗೆ ಬರುವುದಿಲ್ಲ. ಗದ್ದೆಯ ನಡುವೆ, ಸುತ್ತ ಪೂರ್ತಿ ಗಿಡಗಳಿರುವ ಕಡೆ, ಮಲಗದೆ ನಿಂತ ಬುಡ ನೋಡಿ, ತೆನೆಯ ಬುಡದ ಕಾಳು ಒತ್ತಿ ನೋಡಿ. ಕೊನೆಗೆ ತುಂಬುವುದು ಆ ಕೆಳಗಿನ ಕಾಳುಗಳು. ಅವೂ ಗಟ್ಟಿಯಿದ್ದರೆ ಆ ತೆನೆ ಬೀಜಕ್ಕೆ ಇಡಿ.